ನೋಂದಣಿ ಸಂಖ್ಯೆ ಒಂದು

ಒಮಾರು ಊರಿನ ಗ್ರಂಥಾಲಯದ ಹಿಂದಿನ ಕೋಣೆ.
ನಾಲ್ಕು ಕುರ್ಚಿ, ಒಂದು ಹೀಟರು, ಅದೂ ಅರ್ಧ ಉರಿಯುವುದು.
ಶಿಸ್ತು ಸಮಿತಿ ಅಂದರೆ ನಾವೇ:
ವಕೀಲ ಫೀನಿ,
ಸಾರ್ವಜನಿಕರ ಪರವಾಗಿ ನಿವೃತ್ತ ಬಸ್ ಡ್ರೈವರು ಟವಿಟ,
ಮತ್ತು ನಾನು, ಗಿಡಮೂಲಿಕೆಯವಳು,
ನೋಂದಣಿ ಸಂಖ್ಯೆ ನಲವತ್ತೊಂದು.

ಎದುರಿಗೆ ಕೂತವಳು ಸಂಖ್ಯೆ ಒಂದು.

ಮೊರ್ವೆನಾ ಟಲಕ್. ಎಪ್ಪತ್ತೆಂಟು.
ನನಗೆ ಬೇರು ತೊಗಟೆ ಮೂಸಲು ಕಲಿಸಿದ ಕೈ
ಕೈಚೀಲದ ಹಿಡಿಯ ಮೇಲಿದೆ,
ಬಸ್ಸಿಗೆ ಕಾಯುವವರ ಹಾಗೆ.

ಇಪ್ಪತ್ತು ವರ್ಷ ಅವಳೇ ಅಲ್ಲವೆ ಓಡಾಡಿದ್ದು
ವೆಲಿಂಗ್ಟನ್ನಿನ ಮೆಟ್ಟಿಲು ಹತ್ತಿ, ಇಳಿದು?
"ನಾಯಿ ಸಾಕಲು ಲೈಸೆನ್ಸು ಬೇಕು,
ಹೊಟ್ಟೆಗಿಳಿಯುವ ಕಷಾಯಕ್ಕೆ
ಹೇಳುವವರು ಕೇಳುವವರು ಬೇಡವೆ?"
ಮಂತ್ರಿಯ ಕಾರ್ಯದರ್ಶಿ ಚಹ ಕೊಟ್ಟು ಕಳಿಸಿದ.
ಮೂರು ಸಲ ಚಹ. ಬಿಸ್ಕತ್ತು ಒಂದೇ ಸಲ.
ಕೊನೆಗೆ ತನ್ನ ಅಡಿಗೆಮನೆಯ ಮೇಜಿನ ಮೇಲೆ
ನೀಲಿ ರಟ್ಟಿನ ಪುಸ್ತಕ ತೆರೆದು
ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದಳು.
"ಹೊಡೆದುಹಾಕುವುದಾದರೆ
ಹುಡುಕಬಾರದು, ಥಟ್ಟನೆ ಸಿಗಬೇಕು" ಎಂದು ನಕ್ಕಳು.
ನಾವೂ ನಕ್ಕೆವು.

ಈಗ ದೂರು.
ನೊಯ್ಲೀನ್ ಹಾರ್ಕ್ನೆಸ್, ಡೈರಿ ನಡೆಸುವವಳು.
ಅಜೀರ್ಣಕ್ಕೆಂದು ಆರು ವಾರ ಸೆಲಂಡೈನ್ ಅರ್ಕ.
ಮುರಿದರೆ ಹಳದಿ ಹಾಲು ಸುರಿಸುವ ಗಿಡ,
ಹಳದಿ ಪಿತ್ತಕ್ಕೆ ಹಳದಿ ಹಾಲು, ಹಳಬರ ಲೆಕ್ಕ.
ಮೊದಲು ಮೂತ್ರಕ್ಕೆ ಕಡುಚಹದ ಬಣ್ಣ,
ಆಮೇಲೆ ಕಣ್ಣಿಗೂ ಅದೇ ಹಳದಿ.
ಡನೀಡಿನ್ ಆಸ್ಪತ್ರೆಯಲ್ಲಿ ಒಂಬತ್ತು ದಿನ.
ಬದುಕಿದಳು.

ಫೀನಿ ಸೀಸೆ ಎತ್ತಿ ತೋರಿಸಿದ.
ಕಂದು ಗಾಜು. ಲೇಬಲ್ಲಿನಲ್ಲಿ ಅವಳ ದುಂಡಕ್ಷರ:
ಊಟಕ್ಕೆ ಮೊದಲು ಇಪ್ಪತ್ತು ಹನಿ. ಧೈರ್ಯವಾಗಿರಿ.
ತಯಾರಿಸಿದ ದಿನ ಇಲ್ಲ. ಬ್ಯಾಚ್ ಸಂಖ್ಯೆ ಇಲ್ಲ.
ಯಕೃತ್ತಿನ ಮಾತೇ ಇಲ್ಲ.
ಹದಿನೇಳನೆಯ ನಿಯಮ. ಬರೆದವಳು ಅವಳೇ.
ಟೈಪು ಮಾಡಿದವಳು ನಾನು,
ಒಂದು ಅಲ್ಪವಿರಾಮಕ್ಕೆ ಅರ್ಧ ದಿನ ಜಗಳವಾಡಿದ್ದೆವು.

ಹಿತ್ತಲ ಗಿಡ ಮದ್ದಲ್ಲ ಎನ್ನುವವರ ನಡುವೆ
ಹಿತ್ತಲನ್ನೇ ಹೊತ್ತು ತಿರುಗಿದವಳು.
ಮದ್ದು ಹೌದಾದರೆ ವಿಷವೂ ಹೌದು,
ಇದೂ ಅವಳದೇ ಪಾಠ.

ಮೊಯೆರಾಕಿಯ ಮೆರೆಯಾನಾ ಅಜ್ಜಿ ಯಾಕೋ ನೆನಪಾದರು.
ಕವಾಕವಾ ಎಲೆ ಕೀಳುವಾಗ
ಹುಳು ತೂತು ಕೊರೆದದ್ದನ್ನೇ ಆರಿಸು,
ಹುಳುವಿಗೆ ನಿನಗಿಂತ ಚೆನ್ನಾಗಿ ಗೊತ್ತು, ಎಂದವರು.
ನಮ್ಮ ಪುಸ್ತಕಕ್ಕೆ ಹೆಸರು ಕೇಳಿದರೆ ಬೇಡವೆಂದರು:
"ನನ್ನನ್ನು ನನ್ನ ಜನ ಬರೆದುಕೊಂಡಿದ್ದಾರೆ,
ತಪ್ಪಿದರೆ ಬಾಗಿಲಿಗೆ ಬಂದು ಕೇಳುತ್ತಾರೆ."
ನಮಗೆ ಅಂಥ ಬಾಗಿಲಿಲ್ಲ. ಹಾಗಾಗಿ ಈ ಕೋಣೆ.

ಟವಿಟ ಕೇಳಿದ: "ಯಾಕೆ ಬರೆಯಲಿಲ್ಲ?"
ಅಷ್ಟೇ.
ಕಣ್ಣು ಮಂಜು ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ,
ಪೊರೆ ತೆಗೆಸಲು ಸರದಿಯಲ್ಲಿದ್ದಾಳೆ.
ಅವಳೆಂದಳು:
"ಐವತ್ತು ವರ್ಷ ಯಾರಿಗೂ ಏನೂ ಆಗಿರಲಿಲ್ಲ.
ಅಲ್ಲ, ತಪ್ಪು.
ಆಗಿದ್ದರೂ ನನಗೆ ತಿಳಿದಿರಲಿಲ್ಲ.
ತಿಳಿಯಲಿ ಅಂತಲೇ ಅಲ್ಲವೆ ಈ ಪುಸ್ತಕ."

ಮೂವರೂ ಕೈ ಎತ್ತಿದೆವು.
ನನ್ನದು ಕೊನೆಗೆ.

ಗೆರೆ ಎಳೆಯಬೇಕಾದವಳು ನಾನು. ಪೆನ್ನು ಮೂಡಲಿಲ್ಲ.
ಕೈಚೀಲ ತೆರೆದು ತನ್ನದನ್ನು ಕೊಟ್ಟಳು.
"ಅಳತೆಪಟ್ಟಿ ಇಟ್ಟುಕೋ.
ಕೆಳಗಿನ ಹೆಸರು ಓದಲು ಬರಬೇಕು,
ಯಾರನ್ನು ತೆಗೆದಿರಿ ಎಂದು ನಾಳೆ ಕೇಳಿದರೆ?"

ಹೊರಗೆ, ಪೆಂಗ್ವಿನ್ ನೋಡಹೊರಟ ಪ್ರವಾಸಿಗರ ಬಸ್ಸು
ತಿರುವಿನಲ್ಲಿ ಗೇರು ತಪ್ಪಿ ನರಳಿತು; ಟವಿಟ ಹುಬ್ಬು ಗಂಟಿಕ್ಕಿದ.
ಕೋಟಿನ ಗುಂಡಿ ಹಾಕುತ್ತ ಅವಳು ಕೇಳಿದಳು:
"ನೊಯ್ಲೀನಳ ಬಿಲಿರುಬಿನ್ ಈಗ ಎಷ್ಟಿದೆ?"
ಫೀನಿ ಕಡತ ತಿರುವಿದ.
ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ರಾತ್ರಿ ಕಪಾಟಿನ ಸೀಸೆಗಳನ್ನೆಲ್ಲ ನೆಲಕ್ಕಿಳಿಸಿದೆ.
ಅರವತ್ತಮೂರು.
ಹನ್ನೊಂದರ ಮೇಲೆ ದಿನಾಂಕವಿರಲಿಲ್ಲ.